ಟೋಪಿ ತಿರುಗಿಸುವ ಕೈ

ಕೆಟರ್ಲಿ, ಒಹಾಯೊ
ಫೆಬ್ರವರಿ 20, 1989

ಪ್ರೀತಿಯ ಅಪ್ಪ,

ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಡೆಯಿಂದ "ಏನು? ಏನು?" ಎನ್ನುವುದು ಬಿಟ್ಟು ಬೇರೆ ಮಾತೇ ಬರುವುದಿಲ್ಲ. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಮುಗಿಸು, ಆಮೇಲೆ ಎಷ್ಟು ಬೇಕಾದರೂ ಬೈದುಕೋ.

ನಮ್ಮ ಸಂಗ್ರಹಾಲಯದಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಬೇಸ್‌ಬಾಲ್ ಪ್ರದರ್ಶನ ನಡೆಯಲಿದೆ. ದೊಡ್ಡ ದೊಡ್ಡ ನಗರಗಳ ತಂಡಗಳದ್ದಲ್ಲ, ಕೊಕ್ಕರೆ ಗುರುತಿನ ನಮ್ಮ ಹೆರನ್ಸ್ ತಂಡದ್ದು. ಹೌದು, ಎಣ್ಣೆಬಣ್ಣದ ಚಿತ್ರಗಳು, ಅಮೃತಶಿಲೆಯ ಮೂರ್ತಿಗಳು ಇರುವ ಅದೇ ಹಾಲ್‌ಗಳಲ್ಲಿ ನಮ್ಮ ಕೊಕ್ಕರೆಗಳು! ಅವುಗಳನ್ನು ಬಿಡಿಸಿದ ಚಿತ್ರಕಾರರು ಈ ಊರಲ್ಲಿ ಇಷ್ಟು ಜನ ಇದ್ದಾರೆಂದು ನನಗೇ ತಿಳಿದಿರಲಿಲ್ಲ. ಬೇಕರಿಯ ಶ್ರೀಮತಿ ಪೋಲ್ಕ್ ಹಳೆಯ ಜೆರ್ಸಿಗಳ ತುಂಡು ಸೇರಿಸಿ ಕೌದಿ ಹೊಲಿದಿದ್ದಾರೆ. ನಡುವೆ ಒಂಟಿ ಕಾಲಿನ ಮೇಲೆ ನಿಂತ ಕೊಕ್ಕರೆ, ಅದರ ಕೊಕ್ಕಿನಲ್ಲಿ ಚೆಂಡು. ಅದನ್ನು ನೋಡಿ ನಮ್ಮ ಹೊಸ ನಿರ್ದೇಶಕಿ ಮಿಸ್ ವಿನ್‌ಗೇಟ್ ಕೊಕ್ಕಿನ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅವರು ಹುಟ್ಟಿದಾಗಿನಿಂದ ಒಂದೂ ಆಟ ನೋಡಿದವರಲ್ಲ. ಆದರೂ ಪ್ರದರ್ಶನದ ಯೋಚನೆ ಅವರದೇ.

ವಸ್ತುಗಳನ್ನು ಕೂಡಿಸುವ ಕೆಲಸ ನನ್ನದು. ಗಾಜಿನ ಪೆಟ್ಟಿಗೆಯೊಂದನ್ನು ಹಾಲ್‌ನ ನಟ್ಟನಡುವೆ ಖಾಲಿ ಇಟ್ಟಿದ್ದೇನೆ. ಅದರಲ್ಲಿ ಏನಿರಬೇಕೆಂದು ಊರಲ್ಲಿ ಯಾರನ್ನೇ ಕೇಳು, ಒಂದೇ ಉತ್ತರ ಹೇಳುತ್ತಾರೆ: ಕ್ಲೆಮ್ ಡುಬಿಕ್ಕಿಯ ಟೋಪಿ. 1964ರಲ್ಲಿ ನಾವು ಗೆದ್ದ ದಿನ ನಿನ್ನ ತಲೆಯ ಮೇಲಿದ್ದದ್ದು, ಅಂದಿನಿಂದ ನೀರು ಕಾಣದ್ದು.

ನಿನಗೆ ಸಂಗ್ರಹಾಲಯ ಎಂದರೆ ಆಗುವುದಿಲ್ಲ, ಗೊತ್ತು. ಅಮ್ಮ ನನ್ನನ್ನು ಭಾನುವಾರ ಇಲ್ಲಿಗೆ ಕರೆತರುವಾಗ ನೀನು ಹೊರಗೆ ಕಾರಿನಲ್ಲೇ ಕೂತು ರೇಡಿಯೋದಲ್ಲಿ ಆಟ ಕೇಳುತ್ತಿದ್ದೆ. ನಿನ್ನನ್ನು ಒಳಗೆ ಬಾ ಎನ್ನುತ್ತಿಲ್ಲ. ಟೋಪಿ ಕಳಿಸು, ಅಷ್ಟೇ.

ಹೆಡಿ ಅತ್ತೆಗೆ ನನ್ನ ನೆನಪು ಹೇಳು.

ನಿನ್ನ
ನೋರೀನ್

* * *

ಪೈನ್ ಕೀ, ಫ್ಲೋರಿಡಾ
ಮಾರ್ಚ್ 1, 1989

ನೋರೀನ್,

ಪೂರ್ತಿ ಓದಿದೆ. ಈಗ ಬೈಯುತ್ತೇನೆ.

ಗೋಡೆಗೆ ನೇತುಹಾಕಿದ್ದು ಬೇಸ್‌ಬಾಲ್ ಅಲ್ಲ. ಬೆವರು ಹರಿಯಬೇಕು, ಪಕ್ಕದವನ ಬಿಯರ್ ನಮ್ಮ ಷೂ ಮೇಲೆ ಚೆಲ್ಲಬೇಕು, ಅಂಪೈರ್‌ನ ಏಳು ತಲೆಮಾರಿಗೂ ಮಂಗಳಾರತಿ ಆಗಬೇಕು, ಆಗ ಅದು ಬೇಸ್‌ಬಾಲ್. ಮೆಲ್ಲಗೆ ನಡೆದು, ಗಲ್ಲಕ್ಕೆ ಕೈಯಿಟ್ಟು ನೋಡುವ ಜನರಿಗೆ ನನ್ನ ಟೋಪಿ ಯಾಕೆ?

ಎರಡನೆಯದಾಗಿ, ನೀವು ಅದನ್ನು ಕೇಳುತ್ತಿರುವುದು ಆಟದ ಕಾಲದಲ್ಲೇ. ಏಪ್ರಿಲ್‌ನಿಂದ ಸೆಪ್ಟೆಂಬರ್! ಆಗ ಆ ಟೋಪಿಗೆ ಕೆಲಸ ಇರುತ್ತದೆ. ನೀನು ಅಂಚೆಯಲ್ಲಿ ಕಳಿಸುವ ಕೆಟರ್ಲಿ ಪತ್ರಿಕೆ ನನಗೆ ನಾಲ್ಕು ದಿನ ತಡವಾಗಿ ಬರುತ್ತದೆ. ಟೋಪಿ ಹಾಕಿಕೊಳ್ಳದೆ ಆಟದ ಪುಟ ತೆರೆದವನೇ ಅಲ್ಲ ನಾನು. ಮುಗಿದು ನಾಲ್ಕು ದಿನವಾದ ಆಟವನ್ನು ಟೋಪಿ ಹೇಗೆ ಗೆಲ್ಲಿಸುತ್ತದೆ ಎಂದು ನಿನ್ನ ಅತ್ತೆ ದಿನಾ ಚುಡಾಯಿಸುತ್ತಾಳೆ. ಅವಳಿಗೆ ಬೇಸ್‌ಬಾಲ್ ಗೊತ್ತಿಲ್ಲ, ಬಿಡು.

ಆಗುವುದಿಲ್ಲ. ಬೇರೆ ಯಾರದ್ದಾದರೂ ಟೋಪಿ ಇಟ್ಟುಕೊಳ್ಳಿ.

ಇಲ್ಲಿ ಕಿತ್ತಳೆ ಬಿಟ್ಟು ಬೇರೇನೂ ಬೆಳೆಯುವುದಿಲ್ಲ.

ಅಪ್ಪ

* * *

ಪೈನ್ ಕೀ, ಫ್ಲೋರಿಡಾ
ಮಾರ್ಚ್ 9, 1989

ನೋರೀನ್ ಮಗಳೇ,

ನಿಮ್ಮಪ್ಪ ಗೊಣಗುತ್ತ ಸಮುದ್ರದ ಕಡೆ ವಾಕಿಂಗ್ ಹೋಗಿದ್ದಾನೆ. ಆ ಸಂದಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

"ಆಗುವುದಿಲ್ಲ" ಎಂದು ಬರೆದು ಅಂಚೆಗೆ ಹಾಕಿ ಬಂದವನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಟೋಪಿಯನ್ನು ಬೀರುವಿನಿಂದ ತೆಗೆದು ಅಡುಗೆಮನೆಯ ಮೇಜಿನ ಮೇಲಿಟ್ಟು ನೋಡುತ್ತ ಕೂತದ್ದು. ಊಟದ ತಟ್ಟೆಗೆ ಜಾಗವಿಲ್ಲ. ನಾಯಿ ಮೂಸಿ ನೋಡಿ ಅಂಗಳಕ್ಕೆ ಓಡಿತು. ನಾನು ಬಯ್ದರೆ, "ಲೊರೆಟಾಗೆ ಆ ಸಂಗ್ರಹಾಲಯ ಅಂದ್ರೆ ಪ್ರಾಣ ಆಗಿತ್ತು ಅಕ್ಕಾ" ಎಂದ. ಮೂರು ವರ್ಷದಲ್ಲಿ ನಿಮ್ಮಮ್ಮನ ಹೆಸರು ಅವನ ಬಾಯಲ್ಲಿ ಬಂದದ್ದು ಇದೇ ಮೊದಲು. ನಾನು ಸಿಂಕಿನ ಕಡೆ ತಿರುಗಿ ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ.

ಅವನನ್ನು ಬೇಡಿಕೊಳ್ಳಬೇಡ. ಷರತ್ತು ಹಾಕು ಎಂದು ಹೇಳು. ಚಿಕ್ಕಂದಿನಿಂದ ನೋಡಿದ್ದೇನೆ, ಷರತ್ತು ಹಾಕಲು ಬಿಟ್ಟರೆ ಅವನು ತನ್ನ ಚರ್ಮವನ್ನೂ ಬಿಚ್ಚಿ ಕೊಡುತ್ತಾನೆ.

ನಿನ್ನ
ಹೆಡಿ ಅತ್ತೆ

* * *

ಪೈನ್ ಕೀ, ಫ್ಲೋರಿಡಾ
ಮಾರ್ಚ್ 24, 1989

ನೋರೀನ್,

ಷರತ್ತು ಹಾಕು ಎಂದು ನೀನಾಗಿ ಬರೆದದ್ದರಿಂದ ಕಳಿಸುತ್ತಿದ್ದೇನೆ. ಅತ್ತೆ ಕಿವಿ ಊದಿದ್ದಾಳೆಂದು ಗೊತ್ತು. ಇರಲಿ.

ತೊಳೆಯಬಾರದು. ಒರೆಸಬಾರದು. ಅದರ ಮೂತಿ ಮೈದಾನದ ಕಡೆಗಿರಬೇಕು. ನಿಮ್ಮ ಕಟ್ಟಡದಿಂದ ನೋಡಿದರೆ ಅದು ನದಿಯ ದಿಕ್ಕು, ನಕ್ಷೆ ನೋಡಿ ಇಡು. ಅದರ ಪಕ್ಕ ಎದುರಾಳಿ ತಂಡದ ಯಾವ ವಸ್ತುವೂ ಇರಕೂಡದು, ಚಿತ್ರದಲ್ಲಿ ಕೂಡ.

ಕೊನೆಯದು. ಕೊನೆಯ ಇನಿಂಗ್ಸ್‌ನಲ್ಲಿ ನಮ್ಮವರು ಹಿಂದೆ ಬಿದ್ದಾಗ ಸ್ಟ್ಯಾಂಡಿನಲ್ಲಿರುವವರೆಲ್ಲ ತಂತಮ್ಮ ಟೋಪಿಯ ಒಳಮೈ ಹೊರಗೆ ಮಾಡಿ ಹಾಕಿಕೊಳ್ಳುತ್ತಾರಲ್ಲ, ನಿಮ್ಮವರು ಯಾರಾದರೂ ಹುಮ್ಮಸ್ಸಿನಲ್ಲಿ ನನ್ನದನ್ನೂ ಹಾಗೆ ಮಾಡಿಬಿಟ್ಟಾರು. ಮಾಡಬಾರದು. ಅದನ್ನು ನಾನು ಕೂಡ ಒಮ್ಮೆಯೂ ತಿರುಗಿಸಿದವನಲ್ಲ. ಅದು ಯಾರ ಕೈಯ ಕೆಲಸವಾಗಿತ್ತು ಎಂದು ನಿನಗೆ ಗೊತ್ತು. ಆ ವಿಷಯ ಅಲ್ಲಿಗೇ ಬಿಡೋಣ.

ಅಪ್ಪ

* * *

ಕೆಟರ್ಲಿ
ಏಪ್ರಿಲ್ 19, 1989

ಪ್ರೀತಿಯ ಅಪ್ಪ,

ಪ್ರದರ್ಶನ ಶುರುವಾಯಿತು. ಜನವೋ ಜನ! ಈ ಕಟ್ಟಡದ ಮೆಟ್ಟಿಲನ್ನೇ ಹತ್ತದವರು ಕೂಡ ಸಂಸಾರ ಸಮೇತ ಬಂದಿದ್ದರು. ಬಾಗಿಲ ಬಳಿ ಹಾಟ್ ಡಾಗ್ ಮಾರಲು ಮಿಸ್ ವಿನ್‌ಗೇಟ್ ಒಪ್ಪಿದ್ದೇ ದೊಡ್ಡದು. ಸಾಸಿವೆಯ ಕಲೆ ಚಿತ್ರಗಳ ಹತ್ತಿರ ಸುಳಿಯದಂತೆ ನಮ್ಮ ಕಾವಲುಗಾರ ಆರ್ಲೋ ಒಬ್ಬೊಬ್ಬರ ಕೈಯನ್ನೂ ನೋಡಿ ಒಳಗೆ ಬಿಟ್ಟ. ನಿನಗೆ ಆರ್ಲೋ ನೆನಪಿದೆಯಲ್ಲ? ಸ್ಟ್ಯಾಂಡಿನಲ್ಲಿ ನಿಮ್ಮ ಹಿಂದಿನ ಸಾಲಿನಲ್ಲಿ ಕೂತು ಕೂಗಿ ಕೂಗಿ ಗಂಟಲು ಕಳೆದುಕೊಳ್ಳುತ್ತಿದ್ದವನು.

ಇನ್ನೊಂದು ಸುದ್ದಿ. ಸ್ಟ್ಯಾಂಡಿನ ಮರದ ಕುರ್ಚಿಗಳನ್ನೆಲ್ಲ ಚಳಿಗಾಲದಲ್ಲಿ ಕಿತ್ತು ಪ್ಲಾಸ್ಟಿಕ್ ಹಾಕಿದ್ದಾರೆ. ಮೂರನೇ ಬೇಸಿನ ಪಕ್ಕದ ಒಂದು ಸಾಲನ್ನು ನಾನು ಕೇಳಿ ತಂದೆ. ನಿಮ್ಮ ಸಾಲೇ. ಟೋಪಿಯ ಎದುರಿಗೆ ಇಟ್ಟಿದ್ದೇನೆ, ಜನ ಕೂರಬಹುದು. ಅಮ್ಮನ ಕುರ್ಚಿ ಯಾವುದೆಂದು ಹುಡುಕಬೇಕಾಗಲಿಲ್ಲ. ಪಿಚರ್ ಚೆಂಡು ಎಸೆಯಲು ತಡಮಾಡಿದಾಗೆಲ್ಲ ಅವಳು ಉಂಗುರದಿಂದ ಕೈ ಊರುವ ಮರದ ಕೈದಾಂಡಿಯ ಮೇಲೆ ಕುಟ್ಟುತ್ತಿದ್ದಳಲ್ಲ, ಆ ಜಾಗ ಸಣ್ಣ ಬಟ್ಟಲಿನಂತೆ ತಗ್ಗಾಗಿದೆ.

ಈಗ ಹೇಳಬೇಕೋ ಬೇಡವೋ ಎಂದು ಹೆದರಿಕೊಂಡೇ ಹೇಳುವ ಮಾತು. ಬಟ್ಟೆಯ ವಸ್ತುಗಳನ್ನು ನೋಡಿಕೊಳ್ಳಲು ಹೊರಗಿನಿಂದ ಒಬ್ಬ ತಜ್ಞೆ ಬಂದಿದ್ದರು. ಪ್ರತಿಯೊಂದರ ಮೇಲೂ ಮೆತ್ತನೆಯ ಬ್ರಶ್ ಆಡಿಸುವುದು ಅವರ ರೂಢಿ. ನಾನು ಊಟ ಮಾಡಿ ಬರುವಷ್ಟರಲ್ಲಿ ಟೋಪಿಯ ಮೇಲೂ ಆಡಿಸಿಬಿಟ್ಟಿದ್ದರು. ನೀರು ತಾಗಿಸಿಲ್ಲ, ಆಣೆ. ಬರೀ ಧೂಳು ಹೋಗಿದೆ.

ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೂ ನೀನು ಪತ್ರಿಕೆಯಲ್ಲಿ ಹೇಗೂ ನೋಡುತ್ತೀಯ: ಶುರುವಿನ ಆಟಗಳನ್ನೆಲ್ಲ ನಮ್ಮವರು ಸೋತಿದ್ದಾರೆ.

ನಿನ್ನ
ನೋರೀನ್

* * *

ಪೈನ್ ಕೀ
ಏಪ್ರಿಲ್ 26, 1989

ನೋರೀನ್,

ಸಂಬಂಧವಿಲ್ಲವೇ?

ಅದು ಧೂಳಲ್ಲ. ಅದು 1964! ಕೊನೆಯ ಆಟದಲ್ಲಿ ಮೂರನೇ ಬೇಸ್ ಮುಟ್ಟಲು ಓಡಿಬಂದ ನಮ್ಮ ಹುಡುಗ ಜಾರಿ ಬಿದ್ದಾಗ ಎದ್ದ ಮಣ್ಣು ನೇರವಾಗಿ ಬಂದು ನನ್ನ ಟೋಪಿಯ ಮೇಲೆ ಕೂತಿತ್ತು. ಕಾಲು ಶತಮಾನ ಅದನ್ನು ಕಾಪಾಡಿಕೊಂಡು ಬಂದೆ. ಮಳೆ ಬಂದರೆ ಟೋಪಿಯನ್ನು ಅಂಗಿಯೊಳಗೆ ಇಟ್ಟುಕೊಂಡು ತಲೆ ನೆನೆಸಿಕೊಂಡವನು ನಾನು. ಪಾದ್ರಿ ಟೋಪಿ ತೆಗೆ ಎಂದಾಗ ಕೂಡ ಎರಡು ಕೈಯಲ್ಲಿ ಹಿಡಿದು ತೆಗೆಯುತ್ತಿದ್ದೆ. ಮೆತ್ತನೆಯ ಬ್ರಶ್ಶಂತೆ!

ಈಗ ಕೇಳು. ಮೈದಾನಕ್ಕೆ ಹೋಗು. ಮೂರನೇ ಬೇಸಿನ ಹಿಂದುಗಡೆಯ ಮಣ್ಣು ತೆಗೆದುಕೋ. ಎರಡನೇ ಬೇಸಿನದ್ದಲ್ಲ. ಟೋಪಿಯ ಮೇಲಿಂದ ಕೈಯಲ್ಲೇ ಉದುರಿಸು. ಚಮಚ ಗಿಮಚ ಬೇಡ.

ಅಪ್ಪ

ಬರೆದು ಮುಗಿಸಿದ ಮೇಲೆ: ಕುರ್ಚಿ ತಂದದ್ದು ಒಳ್ಳೆಯದಾಯಿತು.

* * *

ಕೆಟರ್ಲಿ
ಜೂನ್ 14, 1989

ಪ್ರೀತಿಯ ಅಪ್ಪ,

ನಿನ್ನ ಹಿಂದಿನ ಕಾಗದವನ್ನು ಮಿಸ್ ವಿನ್‌ಗೇಟ್‌ಗೆ ಓದಿ ಹೇಳಿದೆ. ನಗುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ವಸ್ತು ಮೊದಲು ಹೇಗಿತ್ತೋ ಹಾಗೇ ಮಾಡಿಕೊಡೋದು ನಮ್ಮ ಕರ್ತವ್ಯ ಅಲ್ವಾ?" ಎಂದರು. ಮರುದಿನ ಬೆಳಿಗ್ಗೆ ನಾವಿಬ್ಬರೂ ಮೈದಾನದಲ್ಲಿ ಮಂಡಿಯೂರಿ ಕೂತಿದ್ದೆವು. ಅವರು ರೇಷ್ಮೆ ಸ್ಕಾರ್ಫ್ ಹರಡಿದರು, ನಾನು ಅದರಲ್ಲಿ ಮಣ್ಣು ಕಟ್ಟಿಕೊಂಡೆ. ಹುಲ್ಲು ಕತ್ತರಿಸುತ್ತಿದ್ದವನು ಯಂತ್ರ ನಿಲ್ಲಿಸಿ, ಏನು ಎತ್ತ ಎಂದು ವಿಚಾರಿಸಿದ. ಹೇಳಿದ್ದೇ ತಡ, ಟೋಪಿ ತೆಗೆದು ನಿಂತುಕೊಂಡ.

ಉದುರಿಸಿದೆ. ಕೈಯಲ್ಲೇ. ಆಮೇಲಿನದ್ದು ಪತ್ರಿಕೆಯಲ್ಲಿ ಓದಿದ್ದೀಯ! ಈ ತಿಂಗಳು ನಮ್ಮವರನ್ನು ಹಿಡಿಯುವವರೇ ಇಲ್ಲ.

ಈಗ ಇಲ್ಲಿನ ಅವಸ್ಥೆ ನೋಡಬೇಕು ನೀನು. ತಂಡ ಬೇರೆ ಊರಿಗೆ ಆಡಲು ಹೋದಾಗ ಜನ ಮನೆಯಲ್ಲಿ ರೇಡಿಯೋ ಕೇಳುವುದನ್ನು ಬಿಟ್ಟು ಇಲ್ಲಿಗೇ ಬರುತ್ತಿದ್ದಾರೆ. ಟೋಪಿಯ ಎದುರು ನಿಮ್ಮ ಸಾಲಿನಲ್ಲಿ ಕೂತು ಕೇಳಿದರೆ ಗೆಲುವು ಖಂಡಿತವಂತೆ. ಮೊದಮೊದಲು ಪಿಸುಮಾತಿನಲ್ಲಿ ಕೇಳುತ್ತಿದ್ದರು. ಈಗ ಪಕ್ಕದ ಹಾಲ್‌ನ ಅಮೃತಶಿಲೆಯ ದೇವತೆಗಳೂ ಬೆಚ್ಚುವ ಹಾಗೆ ಕೂಗುತ್ತಾರೆ. ಗೆದ್ದ ದಿನ ಕಟ್ಟಿಕೊಂಡಿದ್ದ ಹಸಿರು ಟೈ ಬದಲಿಸಬಾರದೆಂದು ಮಿಸ್ ವಿನ್‌ಗೇಟ್ ಆರ್ಲೋಗೆ ಅಪ್ಪಣೆ ಮಾಡಿದ್ದಾರೆ. ಅವನ ಹೆಂಡತಿ ಬಂದು ಜಗಳವಾಡಿ ಹೋದಳು.

ಪೆಟ್ಟಿಗೆಯ ಬೀಗದ ಕೈ ಮಾತ್ರ ನನ್ನ ಕೊರಳಿನಲ್ಲೇ ಇರುತ್ತದೆ. ಮುಟ್ಟುತ್ತೇನೆ ಎಂದವರಿಗೆಲ್ಲ ನಾನೇ ರಾಕ್ಷಸಿ.

ಅಪ್ಪ, ಒಂದು ಮಾತು. ನೀನು ಬಾ. ಎಲ್ಲರೂ ಕೇಳುತ್ತಾರೆ, ಕ್ಲೆಮ್ ಎಲ್ಲಿ ಎಂದು. ನಿನ್ನ ಕುರ್ಚಿ ಇಲ್ಲಿದೆ. ಎಂಬತ್ತಾರರಲ್ಲಿ ಫೈನಲ್ ಸೋತ ದಿನ ಸಾಲಿಗೆ ಸಾಲೇ ನಿನ್ನ ಬಾಯಿ ನೋಡುತ್ತ ಕೂತಿತ್ತು. ಕೊನೆಯ ಆಟ ಸೋತಾಗ "ಬರೋ ವರ್ಷ ನೋಡ್ಕೊಳ್ಳೋಣ" ಎಂದು ನೀನು ಹೇಳುವವರೆಗೆ ನಮ್ಮ ಸಾಲಿನವರು ಯಾರೂ ಮೇಲೇಳುವುದಿಲ್ಲ, ಯಾವತ್ತಿನಿಂದಲೂ. ಅವತ್ತು ನೀನು ಹೇಳಲಿಲ್ಲ. ಸುಮ್ಮನೆ ಎದ್ದು ಹೋದೆ. ಚಳಿ ಬೀಳುವ ಹೊತ್ತಿಗೆ ಫ್ಲೋರಿಡಾದಲ್ಲಿದ್ದೆ. ಅಮ್ಮ ಹೋದ ವರ್ಷ ಅದು, ನಿನ್ನನ್ನು ತಡೆಯುವ ಧೈರ್ಯ ನನಗಿರಲಿಲ್ಲ. ಈಗ ನನಗೆ ನೀನು ಇಲ್ಲಿ ಬೇಕು. ಟೋಪಿ ಒಂದು ನೆಪ, ನಿನಗೂ ಗೊತ್ತಿರಬೇಕು.

ನಿನ್ನ
ನೋರೀನ್

* * *

ಪೈನ್ ಕೀ
ಜುಲೈ 8, 1989

ನೋರೀನ್,

ಗೊತ್ತಿತ್ತು. ಟೋಪಿ ಕಟ್ಟಿ ಅಂಚೆಗೆ ಹಾಕುವಾಗಲೇ ಗೊತ್ತಿತ್ತು.

ಅತ್ತೆಯ ಮನೆಯ ಮಾಡು ರಿಪೇರಿ ಇದೆ. ಸೊಂಟ ನೋಯುತ್ತದೆ. ಬಸ್ಸಿನಲ್ಲಿ ಎರಡು ದಿನ ಕೂರಲು ಆಗುವುದಿಲ್ಲ. ಇಷ್ಟೂ ಸುಳ್ಳು. ನಿಜ ಹೇಳುತ್ತೇನೆ, ಒಂದೇ ಸಲ ಹೇಳುತ್ತೇನೆ, ಆಮೇಲೆ ಕೇಳಬೇಡ. ಆ ಊರಲ್ಲಿ ನನ್ನ ಎಡಗಡೆ ಖಾಲಿ. ಮನೆಯಲ್ಲಿ ತಡೆದುಕೊಂಡೆ, ಚರ್ಚಿನಲ್ಲಿ ತಡೆದುಕೊಂಡೆ. ಸ್ಟ್ಯಾಂಡಿನಲ್ಲಿ ಆಗಲಿಲ್ಲ. ಕೊನೆಯ ಇನಿಂಗ್ಸ್ ಬಂತು, ಎಲ್ಲರೂ ಟೋಪಿ ತಿರುಗಿಸಿಕೊಂಡರು, ನಾನು ತಲೆ ಬಗ್ಗಿಸಿ ಕಾಯುತ್ತ ಕೂತಿದ್ದೆ. ಅವಳು ತೆಗೆದು ತಿರುಗಿಸಿ ಹಾಕಲಿ ಎಂದು, ಅಭ್ಯಾಸಬಲದಿಂದ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ನಾವು ಸೋತೆವು. ಇನ್ನೇನು ಬರೋ ವರ್ಷ ಎಂದು ಹೇಳುವುದು?

ಖಾಲಿ ಕುರ್ಚಿ ನೋಡಲು ನಾನು ಸಾವಿರ ಮೈಲಿ ಬರಬೇಕೇ?

ಆಟದ ಪುಟಗಳನ್ನು ಕತ್ತರಿಸಿ ಕಳಿಸುತ್ತಿರು. ಬೋಳುತಲೆಯಲ್ಲೇ ಓದುತ್ತಿದ್ದೇನೆ, ಆದರೂ ಗೆಲ್ಲುತ್ತಿದ್ದಾರೆ. ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

ಅಪ್ಪ

* * *

ಕೆಟರ್ಲಿ
ಸೆಪ್ಟೆಂಬರ್ 5, 1989

ಅಪ್ಪ,

ಫೈನಲ್ ತಲುಪಿದ್ದೇವೆ! ಬ್ರ್ಯಾಂಡನ್‌ಬರ್ಗ್‌ನವರ ಮೇಲೆ. ಕೊನೆಯ ಆಟದವರೆಗೂ ಹೋದರೆ ಅದು 17ರಂದು, ಭಾನುವಾರ ಮಧ್ಯಾಹ್ನ, ಅವರ ಊರಿನಲ್ಲಿ. ಇಲ್ಲಿ ಹಾಲ್‌ನಲ್ಲಿ ರೇಡಿಯೋ ಇಡುತ್ತೇವೆ. ಇದು ಆಮಂತ್ರಣವಲ್ಲ, ಬರೀ ಸುದ್ದಿ.

ನೋರೀನ್

* * *

ಪೈನ್ ಕೀ
ಸೆಪ್ಟೆಂಬರ್ 12, 1989

ನೋರೀನ್ ಮಗಳೇ,

ಓದಿ ಹರಿದುಹಾಕು. ನಿಮ್ಮಪ್ಪ ಗುರುವಾರದ ಬಸ್ಸಿಗೆ ಟಿಕೆಟ್ ತಂದಿದ್ದಾನೆ. ಮಣ್ಣನ್ನು ಸರಿಯಾಗಿ ಉದುರಿಸಿದ್ದಾರೋ ಇಲ್ಲವೋ ನೋಡಿ ಬರುತ್ತಾನಂತೆ, ಅಷ್ಟೇ ಕೆಲಸವಂತೆ. ಬೇಡವೆಂದರೂ ಹ್ಯಾಮ್ ಸ್ಯಾಂಡ್‌ವಿಚ್ ಕಟ್ಟಿಕೊಡುತ್ತಿದ್ದೇನೆ. ಶನಿವಾರ ನಿಮ್ಮ ಮನೆಬಾಗಿಲು ತಟ್ಟುತ್ತಾನೆ. ಏನೂ ಗೊತ್ತಿಲ್ಲದವಳ ಹಾಗೆ ಗಾಬರಿಯಾಗು. ನಿನಗೆ ನಾಟಕ ಬರುವುದಿಲ್ಲ, ಕನ್ನಡಿಯ ಮುಂದೆ ಸ್ವಲ್ಪ ಅಭ್ಯಾಸ ಮಾಡಿಕೋ.

ಹೆಡಿ ಅತ್ತೆ

* * *

ಕೆಟರ್ಲಿ
ಸೆಪ್ಟೆಂಬರ್ 18, 1989

ಪ್ರೀತಿಯ ಹೆಡಿ ಅತ್ತೆ,

ನಿನ್ನೆಯದನ್ನೆಲ್ಲ ನಿಮಗೆ ಬರೆಯದಿದ್ದರೆ ನನಗೆ ಊಟ ಸೇರುವುದಿಲ್ಲ.

ನಾಟಕ ಮಾಡಲು ಆಗಲಿಲ್ಲ. ಬಾಗಿಲು ತೆರೆದವಳೇ ಅಪ್ಪನ ಕುತ್ತಿಗೆಗೆ ಜೋತುಬಿದ್ದು ಅತ್ತುಬಿಟ್ಟೆ. "ಅಕ್ಕ ಬರೆದಳಾ?" ಎಂದ. ಹೌದೆಂದೆ. "ಗೊತ್ತಿತ್ತು" ಎಂದು ಸೀದಾ ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟ. ಬಕೆಟ್ಟಿನಷ್ಟು ಕಿತ್ತಳೆ ತಂದಿದ್ದಾನೆ.

ಭಾನುವಾರ ನನ್ನ ಜೊತೆ ಕಾರಿನಲ್ಲಿ ಸಂಗ್ರಹಾಲಯದವರೆಗೆ ಬಂದ. ನಾನು ಇಳಿದೆ, ಅವನು ಇಳಿಯಲಿಲ್ಲ. "ನೀನು ಹೋಗು. ನಾನು ಇಲ್ಲೇ ಕೇಳ್ತೀನಿ, ಯಾವಾಗಲೂ ಇಲ್ಲೇ ಅಲ್ವಾ ಕೇಳೋದು" ಎಂದು ರೇಡಿಯೋ ಹಾಕಿಕೊಂಡ. ನನಗೆ ಸಿಟ್ಟು ಬಂತು, ನಗುವೂ ಬಂತು. ಸಾವಿರ ಮೈಲಿ ಬಂದವನಿಗೆ ಕೊನೆಯ ಇಪ್ಪತ್ತು ಮೆಟ್ಟಿಲು ಹತ್ತಲಾಗಲಿಲ್ಲ. ಕಾರಿನ ಕೀಲಿ ಅವನ ಕೈಗೆ ಕೊಟ್ಟು ಒಳಗೆ ಹೋದೆ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಕೌದಿಯ ಕೆಳಗೆ, ಚಿತ್ರಗಳ ನಡುವೆ, ನೆಲದ ಮೇಲೆ, ಎಲ್ಲೆಲ್ಲೂ ಜನ. ಅಮ್ಮನ ಕುರ್ಚಿಯಲ್ಲಿ ಆರ್ಲೋ ಕೂತಿದ್ದ, ಅದೇ ಹಸಿರು ಟೈ. ಅಪ್ಪನ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ, ಕ್ಲೆಮ್ ಊರಿಗೆ ಬಂದಿರುವುದು ಬೆಳಿಗ್ಗೆಯೇ ಎಲ್ಲರಿಗೂ ತಿಳಿದುಹೋಗಿತ್ತು. ಎಲ್ಲರೂ ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ತೋರಿಸಿದೆ. ಮತ್ತೆ ರೇಡಿಯೋ ಕಡೆ ತಿರುಗಿದರು.

ಆಟ ಏಳನೇ ಇನಿಂಗ್ಸ್‌ಗೆ ಬಂದಿತ್ತು, ನಮ್ಮವರು ಎರಡು ರನ್ ಹಿಂದಿದ್ದರು. ಆಗ ಹಾಲ್‌ನ ಬಾಗಿಲು ತೆರೆಯಿತು. ಅಪ್ಪ ನಿಂತಿದ್ದ. ಜನ ಎದ್ದು ಚಪ್ಪಾಳೆ ತಟ್ಟುವುದರೊಳಗೆ ಅವನು, "ನೋರೀನ್, ನಿನ್ನ ಕಾರಿನ ಬ್ಯಾಟರಿ ಸತ್ತುಹೋಯ್ತು. ಸ್ಕೋರ್ ಎಷ್ಟು?" ಎಂದ.

ಅತ್ತೆ, ಆ ಹಳೆಯ ಬ್ಯಾಟರಿ ಬದಲಿಸಬೇಕೆಂದು ಬೇಸಿಗೆಯಿಂದ ಅಂದುಕೊಳ್ಳುತ್ತಿದ್ದೆ. ಬದಲಿಸದೆ ಇದ್ದದ್ದಕ್ಕೆ ದೇವರಿಗೆ ಒಂದು ಮೇಣದಬತ್ತಿ ಹಚ್ಚುತ್ತೇನೆ.

ಯಾರೋ ಸ್ಕೋರ್ ಹೇಳಿದರು. ಅಪ್ಪ ಗೋಡೆಯ ಮೇಲಿನ ಒಂದು ಚಿತ್ರವನ್ನೂ ನೋಡದೆ ಟೋಪಿಯ ಬಳಿ ಹೋದ. ಗಾಜಿಗೆ ಮೂಗು ತಾಗಿಸಿ ಮಣ್ಣು ನೋಡಿ, "ಪರವಾಗಿಲ್ಲ" ಎಂದ. ಮಿಸ್ ವಿನ್‌ಗೇಟ್ ಪರೀಕ್ಷೆ ಪಾಸಾದವರಂತೆ ಉಸಿರು ಬಿಟ್ಟರು. ಆಮೇಲೆ ಅಪ್ಪ ತನ್ನ ಕುರ್ಚಿಯಲ್ಲಿ ಕೂತ. ಆರ್ಲೋ ಅಮ್ಮನ ಕುರ್ಚಿ ಬಿಟ್ಟು ಎದ್ದ. ಅದು ಹಾಗೇ ಖಾಲಿ ಉಳಿಯಿತು. ಅಪ್ಪ ಆ ಕಡೆ ತಿರುಗಲಿಲ್ಲ, ಆದರೆ ಅವನ ಎಡಗೈ ಹೋಗಿ ಕೈದಾಂಡಿಯ ಮೇಲಿನ ಆ ತಗ್ಗಿನಲ್ಲಿ ಕೂತುಕೊಂಡಿತು.

ಒಂಬತ್ತನೇ ಇನಿಂಗ್ಸ್. ನಮ್ಮವರ ಕೊನೆಯ ಸರದಿ, ಅದೇ ಎರಡು ರನ್ ಬಾಕಿ. ಹಾಲ್‌ನಲ್ಲಿದ್ದವರೆಲ್ಲ ಟೋಪಿ ತೆಗೆದು ಒಳಮೈ ಹೊರಗೆ ಮಾಡಿ ಹಾಕಿಕೊಂಡರು. ಮಿಸ್ ವಿನ್‌ಗೇಟ್ ಹತ್ತಿರ ಟೋಪಿಯಿರಲಿಲ್ಲ, ಕೋಟನ್ನೇ ತಿರುವಿ ಹಾಕಿಕೊಂಡರು. ಆಮೇಲೆ ಒಬ್ಬೊಬ್ಬರೇ ಗಾಜಿನ ಪೆಟ್ಟಿಗೆಯ ಕಡೆ ತಿರುಗಿದರು. ಅಲ್ಲಿನದು ಮಾತ್ರ ನೆಟ್ಟಗೆ, ಮೂತಿ ನದಿಯ ಕಡೆ ಮಾಡಿ ಕೂತಿತ್ತು. ಮುಟ್ಟಬಾರದೆಂಬ ನಿಯಮ ಮಾಡಿದವಳು ನಾನು. ತಿರುಗಿಸಬಾರದೆಂಬ ಷರತ್ತು ಅಪ್ಪನದು. ರೇಡಿಯೋದಲ್ಲಿ ಮೊದಲನೆಯವನು ಔಟಾದ. ಅಪ್ಪ ತಲೆ ಬಗ್ಗಿಸಿ ಕೂತಿದ್ದ. ಆ ಕೂತ ರೀತಿಯನ್ನು ನಾನು ಅವನ ಕಾಗದದಲ್ಲಿ ಓದಿದ್ದೆ.

ಆಗ ಅವನು ತಲೆ ಎತ್ತದೆಯೇ ಹೇಳಿದ: "ನಿಮ್ಮಮ್ಮ ಆಗಿದ್ರೆ ಇಷ್ಟು ಹೊತ್ತು ಕಾಯ್ತಿರಲಿಲ್ಲ."

ಅವಸರದಲ್ಲಿ ಪೆಟ್ಟಿಗೆಯ ಬೀಗಕ್ಕೆ ಕೊರಳಿನ ಕೀಲಿ ಸೇರಲಿಲ್ಲ, ಆರ್ಲೋ ಬಂದು ಬೀಗ ಹಿಡಿದುಕೊಂಡ. ರೂಢಿಯಂತೆ ಬಿಳಿ ಕೈಗವಸು ಹಾಕಿಕೊಂಡು ಟೋಪಿ ಎತ್ತಿದೆ. "ಅದನ್ನ ಬಿಚ್ಚು" ಎಂದ ಅಪ್ಪ. ಬಿಚ್ಚಿದೆ. ಬರಿಗೈಯಲ್ಲಿ ಟೋಪಿಯ ಒಳಮೈ ಹೊರಗೆ ಮಾಡಿದೆ. ಒಳಗೆ ಅರಿವೆ ಹರಿದಿದ್ದ ಕಡೆಯೆಲ್ಲ ಹಳದಿ ಚೌಕಳಿ ಬಟ್ಟೆಯ ತೇಪೆ. ಸ್ಟ್ಯಾಂಡಿನಲ್ಲಿ ಅಪ್ಪನ ತಲೆಯ ಮೇಲೆ ಎಷ್ಟೋ ಸಲ ಕಂಡಿದ್ದೆ, ಕೈಯಲ್ಲಿ ಹಿಡಿದಾಗಲೇ ಗುರುತಾಯಿತು: ನಮ್ಮ ಅಡುಗೆಮನೆಯ ಪರದೆ, ಅತ್ತೆ! ನಾನು ಅಕ್ಷರ ಕಲಿತದ್ದು ಆ ಪರದೆಯ ಕೆಳಗೆ ಕೂತು. ಅಪ್ಪ ತೊಳೆಯಲು ಬಿಡುತ್ತಿರಲಿಲ್ಲ ಎಂದು ಅಮ್ಮ ಅದನ್ನು ಒಳಗಿನಿಂದಲೇ ಉಳಿಸಿಕೊಂಡು ಬಂದಿದ್ದಳು. ಆರು ತಿಂಗಳು ಅದನ್ನು ನಾನು ಕಾವಲು ಕಾದೆ, ಒಮ್ಮೆಯೂ ಒಳಗೆ ನೋಡಿರಲಿಲ್ಲ.

ಅಪ್ಪನ ತಲೆಗೆ ಹಾಕಿದೆ. ಅಮ್ಮನ ಕುರ್ಚಿಯಲ್ಲಿ ಕೂತೆ. ಅವನು ಬೇಡ ಎನ್ನಲಿಲ್ಲ.

ಅಲ್ಲಿಂದ ಮುಂದಿನದ್ದನ್ನು ನಾನು ಸಾಯುವ ತನಕ ಹೇಳಿಕೊಂಡು ತಿರುಗುತ್ತೇನೆ. ಬಾಕಿಯಿದ್ದ ಎರಡೂ ರನ್ನನ್ನು ನಮ್ಮವರು ಗಳಿಸಿದರು! ಸಮ! ಶ್ರೀಮತಿ ಪೋಲ್ಕ್ ಗುರುತಿಲ್ಲದ ಒಬ್ಬ ಗಂಡಸನ್ನು ತಬ್ಬಿಕೊಂಡರು. ಮಿಸ್ ವಿನ್‌ಗೇಟ್ ಅಂಪೈರ್‌ಗೆ ಬಯ್ದ ಬೈಗುಳ ನಾನು ಬರೆಯಲಾರೆ. ಆಟ ಹತ್ತನೇ ಇನಿಂಗ್ಸ್‌ಗೆ ಹೋಯಿತು, ಹನ್ನೊಂದಕ್ಕೆ ಹೋಯಿತು. ಕೊನೆಗೆ ಅವರವನೊಬ್ಬ ಹೊಡೆದ ಚೆಂಡು ನಮ್ಮ ಹುಡುಗನ ಕೈಗೆ ಸಿಗದೆ ಮೇಲಿಂದ ಹಾದುಹೋಯಿತು. ಒಂದು ರನ್ನಿನಿಂದ ಸೋತೆವು.

ರೇಡಿಯೋದಲ್ಲಿ ಬ್ರ್ಯಾಂಡನ್‌ಬರ್ಗ್‌ನವರ ಗಲಾಟೆ ಕೇಳುತ್ತಿತ್ತು. ಆರ್ಲೋ ಅದನ್ನು ಆರಿಸಿದ. ಯಾರೂ ಏಳಲಿಲ್ಲ. ಬಾಗಿಲಲ್ಲಿದ್ದವರೂ ನಿಂತಲ್ಲೇ ನಿಂತರು. ನಾನು ಕೈದಾಂಡಿಯ ತಗ್ಗನ್ನು ನೋಡುತ್ತ ಕೂತೆ. ಅಪ್ಪನ ಕಡೆ ನೋಡುವ ಧೈರ್ಯವಾಗಲಿಲ್ಲ.

ಅವನು ನಿಧಾನವಾಗಿ ಎದ್ದ. ಆಗಷ್ಟೇ ಮೊದಲ ಸಲ ಸುತ್ತಲೂ ನೋಡಿದ, ಚಿತ್ರಗಳನ್ನು, ಕೌದಿಯ ಕೊಕ್ಕರೆಯನ್ನು, ಜನರನ್ನು, ಕೋಟು ತಿರುವಿ ಹಾಕಿಕೊಂಡಿದ್ದ ಮಿಸ್ ವಿನ್‌ಗೇಟ್ ಅವರನ್ನು. ತಲೆಯ ಮೇಲೆ ಅಮ್ಮನ ಹಳದಿ ತೇಪೆ.

"ಸರಿ" ಎಂದ. "ಬರೋ ವರ್ಷ ನೋಡ್ಕೊಳ್ಳೋಣ."

ಅತ್ತೆ, ಸೋತ ತಂಡದ ಊರಲ್ಲಿ ಅಂಥ ಕೇಕೆ ಯಾರೂ ಕೇಳಿರಲಾರರು.

ನಿಮ್ಮ
ನೋರೀನ್

* * *

ಕೆಟರ್ಲಿ
ಅಕ್ಟೋಬರ್ 8, 1989

ಅಕ್ಕಾ,

ನನ್ನ ಚಳಿಗಾಲದ ಕೋಟು, ಮೀನಿನ ಗಾಳ, ಬೀರುವಿನ ಕೆಳಗಿನ ಖಾನೆಯಲ್ಲಿರುವ ಉಣ್ಣೆಯ ಕಾಲುಚೀಲ, ಇಷ್ಟು ಕಳಿಸು. ಆರಾಮ ಕುರ್ಚಿ ಬೇಡ, ಅದನ್ನು ನಾಯಿಗೆ ಕೊಟ್ಟಿದ್ದೇನೆ, ಹೇಗೂ ಅದು ತನ್ನದೇ ಎಂದುಕೊಂಡಿದೆ. ಮೂರು ವರ್ಷ ನೀನು ನನ್ನನ್ನು ಸಾಕಿದೆ, ನನ್ನ ಗೊಣಗಾಟ ಕೇಳಿದೆ. ಅದಕ್ಕೆ ಏನು ಹೇಳಬೇಕೋ ನನಗೆ ಬರೆಯಲು ಬರುವುದಿಲ್ಲ. ಬೇಸಿಗೆಯಲ್ಲಿ ನೀನೇ ಇಲ್ಲಿಗೆ ಬಾ, ನಿನಗೆ ಬೇಸ್‌ಬಾಲ್ ಕಲಿಸುತ್ತೇನೆ.

ಪ್ರದರ್ಶನ ಮುಗಿಯಿತು. ಮುಗಿಯುವ ಮುಂಚೆ ದಿನಾ ಹೋಗಿ ಒಂದೊಂದು ಹಾಲ್ ನೋಡಿ ಬಂದೆ. ಅಮೃತಶಿಲೆಯವೂ ಕೆಟ್ಟದಾಗಿಲ್ಲ. ಲೊರೆಟಾ ಯಾವ ಚಿತ್ರದ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಿದ್ದಳು ಎಂದು ನೋರೀನ್ ತೋರಿಸಿದಳು. ಒಂದು ಹಸು, ಒಂದು ಸೇತುವೆ, ಅಷ್ಟೇ. ನಾನೂ ನಿಂತೆ. ಇಷ್ಟು ವರ್ಷ ಕಾರಿನಲ್ಲಿ ಯಾಕೆ ಕೂತಿದ್ದೆನೋ, ಅವಳ ಜೊತೆ ಒಮ್ಮೆಯಾದರೂ ಬರಬೇಕಿತ್ತು.

ಟೋಪಿ ಕಾಯಂ ಆಗಿ ಕೊಡಿ ಎಂದು ಮಿಸ್ ವಿನ್‌ಗೇಟ್ ದುಂಬಾಲು ಬಿದ್ದರು. ಷರತ್ತು ಹಾಕಿದೆ: ನವೆಂಬರ್‌ನಿಂದ ಮಾರ್ಚ್ ತನಕ ಅವರದು, ಆಟದ ಕಾಲದಲ್ಲಿ ನನ್ನದು. ಆ ಹೆಂಗಸು ಮರುಮಾತಿಲ್ಲದೆ ಒಪ್ಪಿದಳು. ಅವಳೇ ಬರೋ ವರ್ಷಕ್ಕೆ ನಮ್ಮ ಹಿಂದಿನ ಸಾಲಿನಲ್ಲಿ ಒಂದು ಸೀಟು ತೆಗೆದುಕೊಂಡಿದ್ದಾಳೆ.

ನಾನು ಎರಡು ತೆಗೆದುಕೊಂಡೆ. ಅದೇ ಜಾಗ, ಮೂರನೇ ಬೇಸಿನ ಪಕ್ಕ. ಎಡಗಡೆಯದು ನೋರೀನ್‌ಗೆ. ಅವಳಿಗೆ ಕಡಲೆಕಾಯಿ ಸುಲಿಯಲು ಬರುವುದಿಲ್ಲ, ಸಿಪ್ಪೆಯನ್ನೆಲ್ಲ ನನ್ನ ಷೂ ಮೇಲೆ ಹಾಕುತ್ತಾಳೆ. ಅವಳಮ್ಮನಂತೆಯೇ.

ಲೊರೆಟಾಳ ಉಂಗುರವನ್ನು ಇಷ್ಟು ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದೆ, ನಿನಗೂ ಹೇಳಿರಲಿಲ್ಲ. ನಿನ್ನೆ ಅದನ್ನು ನೋರೀನ್ ಬೆರಳಿಗೆ ಹಾಕಿದೆ. ಹೊಸ ಕುರ್ಚಿಗಳು ಪ್ಲಾಸ್ಟಿಕ್. ಎಷ್ಟು ಕುಟ್ಟಿದರೆ ಅದರ ಮೇಲೆ ಗುರುತು ಬೀಳುತ್ತದೋ, ಏಪ್ರಿಲ್‌ನಿಂದ ನೋಡಬೇಕು.

ನಿನ್ನ ತಮ್ಮ
ಕ್ಲೆಮ್